ಒಂಬತ್ತು ಮಳೆಗಾಲ ಕಂಡ ನನ್ನ 60 ಅಡಿ ಹ್ಯಾಮ್ ಟವರ್

2016ರ ಜನವರಿಯಲ್ಲಿ ಕುಂದಾಪುರದ ಹತ್ತಿರ, ನಮ್ಮ ಮನೆ ಹಿಂದಿನ ತೆಂಗಿನ ತೋಟದಲ್ಲಿ ಹ್ಯಾಮ್ ರೇಡಿಯೋ, ಅಂದರೆ ಹವ್ಯಾಸಿ ರೇಡಿಯೋ ಆಂಟೆನಾಗಳಿಗಾಗಿ ಈ ಟವರ್ ನಿಲ್ಲಿಸಿದೆವು. ಸಮುದ್ರ ಇಲ್ಲಿಂದ ಎರಡೇ ಕಿಲೋಮೀಟರ್. ಮೂರು ಕಾಲಿನ ಕಬ್ಬಿಣದ ಟವರ್, ತಲಾ 10 ಅಡಿಯ ಆರು ತುಂಡು. ಮೇಲೆ 20, 15 ಮತ್ತು 10 ಮೀಟರ್ ಬ್ಯಾಂಡ್‌ಗಳಿಗೆ (ಅಲೆಯ ಉದ್ದದಿಂದ ಹೆಸರಿಸಿದ ತರಂಗಪಟ್ಟಿಗಳು) ಮೂರು ಎಲಿಮೆಂಟಿನ, ಅಂದರೆ ಮೂರು ಅಡ್ಡ ಕೊಳವೆಗಳ ಯಾಗಿ ಆಂಟೆನಾ, ಒಂದು ದಿಕ್ಕಿಗೇ ಹೆಚ್ಚು ಶಕ್ತಿ ಕಳಿಸುವಂಥದ್ದು. ಅದನ್ನು ತಿರುಗಿಸಲು ರೋಟೇಟರ್. 40 ಮೀಟರ್ ಬ್ಯಾಂಡಿಗೆ ಟವರಿನಿಂದಲೇ ಇಳಿಬಿಟ್ಟ ಇನ್ವರ್ಟೆಡ್ ವಿ ಎಂಬ ತಂತಿ ಆಂಟೆನಾ. ತುತ್ತತುದಿಯಲ್ಲಿ 2 ಮೀಟರ್ ಬ್ಯಾಂಡಿನ ವರ್ಟಿಕಲ್ (ನೆಟ್ಟಗೆ ನಿಲ್ಲುವ ಆಂಟೆನಾ). ಹೊಸದಾಗಿ ಹ್ಯಾಮ್ ಲೈಸೆನ್ಸ್ ಪಡೆದವರು ಟವರ್ ಹಾಕಬೇಕಾ, ಬೇಡವಾ ಅಂತ ಕೇಳುತ್ತಾರೆ. ಇಷ್ಟು ವರ್ಷ ಬಳಸಿದ ಮೇಲೆ ಉತ್ತರ ಹೇಳಬಹುದು ಅನಿಸಿತು.

ಮೊದಲು ಖುಷಿಯ ವಿಷಯ. ಟವರ್ ಬರುವ ಮುಂಚೆ ಎರಡು ತೆಂಗಿನ ಮರಗಳ ನಡುವೆ, ಸುಮಾರು 7 ಮೀಟರ್ ಎತ್ತರದಲ್ಲಿ ಡೈಪೋಲ್ (ಸಾದಾ ತಂತಿ ಆಂಟೆನಾ) ಕಟ್ಟಿದ್ದೆ. 14 ಮೆಗಾಹರ್ಟ್ಸ್‌ನಲ್ಲಿ ಅಲೆಯ ಉದ್ದ ಸುಮಾರು 21 ಮೀಟರ್. ಆಂಟೆನಾ ಅದರ ಮೂರನೇ ಒಂದು ಭಾಗದಷ್ಟೇ ಎತ್ತರದಲ್ಲಿದ್ದರೆ ಶಕ್ತಿಯ ಬಹುಪಾಲು ಆಕಾಶಕ್ಕೇ ಏರುತ್ತದೆ. 18 ಮೀಟರಿಗೆ ಏರಿಸಿದ ಮೇಲೆ ಅದು ದಿಗಂತದಿಂದ ಸುಮಾರು 17 ಡಿಗ್ರಿ ಮೇಲಕ್ಕೆ, ಅಂದರೆ ಸಾಕಷ್ಟು ತಗ್ಗಿನಲ್ಲಿ ಹೊರಡುತ್ತದೆ. ದೂರದ ದೇಶ ಮುಟ್ಟಲು ಬೇಕಾದ್ದು ಇದೇ. ಮೊದಲು ಹತ್ತು ಸಲ ಕರೆದರೂ ತಿರುಗಿ ನೋಡದಿದ್ದ ಯುರೋಪಿನ ಸ್ಟೇಷನ್‌ಗಳು ಈಗ ಒಂದೆರಡು ಕರೆಗೇ ಉತ್ತರ ಕೊಡುತ್ತವೆ. ರೇಡಿಯೋ ಅದೇ, 100 ವ್ಯಾಟ್ ಅದೇ. ಮೊದಲ ಸಂಜೆ ಸುಮ್ನೆ ಕೇಳುತ್ತಾ ಕೂತಿದ್ದೆ. ಊಟಕ್ಕೆ ಕರೆದದ್ದೂ ಗೊತ್ತಾಗಲಿಲ್ಲ.

ಇನ್ನು ಕಷ್ಟದ ವಿಷಯ. ಟವರ್ ಮಾಡಿಕೊಟ್ಟವರು ಎಲ್ಲವೂ ಹಾಟ್ ಡಿಪ್ ಗ್ಯಾಲ್ವನೈಸ್ಡ್ ಎಂದಿದ್ದರು, ಅಂದರೆ ಕರಗಿದ ಸತುವಿನಲ್ಲಿ ಅದ್ದಿ ತೆಗೆದದ್ದು. ಟವರಿನ ತುಂಡುಗಳು ನಿಜಕ್ಕೂ ಹಾಗೇ ಇದ್ದವು, ಇವತ್ತಿಗೂ ಚೆನ್ನಾಗಿವೆ. ಬೋಲ್ಟ್‌ಗಳು ಮಾತ್ರ ಬರೀ ಹೊಳಪಿನ ತೆಳು ಲೇಪನದವು. ನಾನು ಬೋಲ್ಟ್ ನೋಡಿಯೇ ಇರಲಿಲ್ಲ. ಮೂರನೇ ವರ್ಷ ಮೇಲೆ ಹತ್ತಿದ ಗೆಳೆಯ ಅಲ್ಲಿಂದಲೇ ಕೂಗಿದರು, "ಮಾರಾಯ್ರೆ, ಇಲ್ಲಿ ನಟ್ ಕೈಯಲ್ಲೇ ಪುಡಿ ಆಗ್ತಾ ಉಂಟು!" ಉಪ್ಪುಗಾಳಿಗೆ ತೆಳು ಲೇಪನ ತಡೆಯುವುದಿಲ್ಲ. ಎಲ್ಲಾ ಬೋಲ್ಟ್‌ಗಳನ್ನೂ ಬದಲಾಯಿಸಬೇಕಾಯಿತು. ಒಂದು ಬಿಚ್ಚಿ, ಅದರ ಜಾಗಕ್ಕೆ ಹೊಸದು ಹಾಕಿ ಬಿಗಿದ ಮೇಲೆಯೇ ಇನ್ನೊಂದಕ್ಕೆ ಕೈ. ಒಂದೇ ಜೋಡಣೆಯಲ್ಲಿ ಎರಡನ್ನು ಒಟ್ಟಿಗೆ ಬಿಚ್ಚಲೇಬಾರದು. ಮೂರು ಭಾನುವಾರ ಹಿಡಿಯಿತು. ನೀವು ಕೊಳ್ಳುವಾಗ ಬೋಲ್ಟಿನ ಪೊಟ್ಟಣ ಬಿಚ್ಚಿ ನೋಡಿ. ಮೈ ಮಬ್ಬಾಗಿ, ಸ್ವಲ್ಪ ತರಿತರಿಯಾಗಿ ಇದ್ದರೆ ಒಳ್ಳೆಯದು. ಕನ್ನಡಿಯ ಹಾಗೆ ಹೊಳೆಯುತ್ತಿದ್ದರೆ ಬೇಡ ಅನ್ನಿ.

ಟವರ್ ವಾಲದಂತೆ ಎಳೆದು ಹಿಡಿಯುವ ಸ್ಟೇ ವೈರ್ ಎರಡು ಹಂತದಲ್ಲಿದೆ, 30 ಅಡಿಯಲ್ಲಿ ಮತ್ತು 57 ಅಡಿಯಲ್ಲಿ. ಪ್ರತಿ ಹಂತಕ್ಕೆ ಮೂರು ತಂತಿ, ನಡುವೆ 120 ಡಿಗ್ರಿ. ನೆಲದ ಕೊಂಡಿಗಳು ಬುಡದಿಂದ 45 ಅಡಿ ದೂರ. ಇದಕ್ಕೆ ಜಾಗ ಇಲ್ಲದವರು ಟವರ್ ಯೋಚನೆ ಬಿಡುವುದೇ ವಾಸಿ. ಕೊಂಡಿ ಹತ್ತಿರ ತಂದಷ್ಟೂ ತಂತಿಯ ಮೇಲೂ ಬುಡದ ಮೇಲೂ ಹೊರೆ ಜಾಸ್ತಿ. ನಮ್ಮಲ್ಲಿ ಇನ್ನೊಂದು ತೊಂದರೆ ಇದೆ. ತೆಂಗಿನ ಮಡಲು ಮೇಲಿಂದ ಬಿದ್ದರೆ ತಂತಿಗೆ ಸಣ್ಣ ಪೆಟ್ಟಲ್ಲ. ಒಮ್ಮೆ ಟರ್ನ್‌ಬಕಲ್ (ತಂತಿ ಬಿಗಿ ಮಾಡುವ ತಿರುಪು) ಅದುರಿ ಅದುರಿ ಸಡಿಲವಾಗಿತ್ತು. ಅಂದಿನಿಂದ ಪ್ರತಿ ಟರ್ನ್‌ಬಕಲ್‌ಗೂ ತಿರುಗದಂತೆ ಒಂದು ತಂತಿ ಸುತ್ತಿ ಕಟ್ಟಿದ್ದೇನೆ. ವೈರ್ ಕ್ಲಾಂಪ್ ಹಾಕುವಾಗ ಯು ಆಕಾರದ ಕಡ್ಡಿ ಮಡಚಿದ ತುದಿಯ ಮೇಲೆ ಕೂರಬೇಕು. ಹಲ್ಲಿರುವ ದಪ್ಪ ಭಾಗ ಭಾರ ಹೊರುವ ತಂತಿಯ ಮೇಲೆ. ಕೆಲಸಕ್ಕೆ ಬಂದವರು ಅರ್ಧ ಕ್ಲಾಂಪ್‌ಗಳನ್ನು ತಿರುವುಮುರುವು ಹಾಕಿದ್ದರು.

ನನಗೆ ಎಲ್ಲಕ್ಕಿಂತ ಹೆಚ್ಚು ಪಾಠ ಕಲಿಸಿದ್ದು ರೇಡಿಯೋದಿಂದ ಆಂಟೆನಾಕ್ಕೆ ಹೋಗುವ ಕೋಆಕ್ಸ್ ಕೇಬಲ್. ಹಾಕಿದ್ದು ಆರ್‌ಜಿ-213 ಎಂಬ ಬಗೆಯದು, 40 ಮೀಟರ್ ಉದ್ದ. ಐದನೇ ವರ್ಷ ಸಿಗ್ನಲ್ ನಿಧಾನಕ್ಕೆ ಇಳಿಯುತ್ತಾ ಬಂತು. ಎಸ್‌ಡಬ್ಲ್ಯುಆರ್ (ಕಳಿಸಿದ ಶಕ್ತಿ ಎಷ್ಟು ಹಿಂದಕ್ಕೆ ಬರುತ್ತದೆ ಎಂಬುದರ ಅಳತೆ, 1ಕ್ಕೆ ಹತ್ತಿರ ಇದ್ದಷ್ಟೂ ಒಳ್ಳೆಯದು) ನೋಡಿದರೆ 1.2, ಹೊಸದರಲ್ಲಿ ಇದ್ದದ್ದಕ್ಕಿಂತ ಒಳ್ಳೆಯದು! ಹಾಗಾಗಿ ಆಂಟೆನಾ, ಕೇಬಲ್ ಎರಡೂ ಸರಿ ಅಂದುಕೊಂಡೆ. ತಿಂಗಳುಗಟ್ಟಲೆ ರೇಡಿಯೋವನ್ನೇ ಅನುಮಾನಿಸಿದೆ. ಆಮೇಲೆ ಮೇಲ್ತುದಿಯ ಪಿಎಲ್-259 ಕನೆಕ್ಟರ್ ಬಿಚ್ಚಿದರೆ ಒಳಗೆ ಹಸಿರು ಕಿಲುಬು, ನೀರು. ಕೇಬಲ್ಲೇ ಶಕ್ತಿಯನ್ನು ನುಂಗುವಾಗ ಆಂಟೆನಾದಿಂದ ಹಿಂದಕ್ಕೆ ಬರುವುದೂ ಕೇಬಲ್ಲಿನಲ್ಲೇ ಕರಗುತ್ತದೆ. ಮೀಟರಿಗೆ ಎಲ್ಲವೂ ಚೆಂದ ಕಾಣುತ್ತದೆ. ಮೇಲ್ತುದಿಯನ್ನು ಶಾರ್ಟ್ ಮಾಡಿ, ಕೆಳಗಿಂದ ನ್ಯಾನೋ ವಿಎನ್‌ಎ ಎಂಬ ಸಣ್ಣ ಅಳತೆ ಯಂತ್ರ ಹಾಕಿ ರಿಟರ್ನ್ ಲಾಸ್, ಅಂದರೆ ಸಿಗ್ನಲ್ ಹೋಗಿ ಬರುವಷ್ಟರಲ್ಲಿ ಎಷ್ಟು ಕಡಿಮೆಯಾಗುತ್ತದೆ ಎಂಬುದನ್ನು ಅಳೆದೆ. ಅದರ ಅರ್ಧವೇ ಕೇಬಲ್ಲಿನ ನಷ್ಟ. 14 ಮೆಗಾಹರ್ಟ್ಸ್‌ನಲ್ಲಿ ಸುಮಾರು 1 ಡೆಸಿಬೆಲ್ ಇರಬೇಕಾದಲ್ಲಿ 4 ಬಂತು. ಅಂದರೆ 100 ವ್ಯಾಟ್ ಕಳಿಸಿದರೆ ಮೇಲೆ ಮುಟ್ಟುತ್ತಿದ್ದದ್ದು ಬರೀ 40. ಈಗ ವರ್ಷಕ್ಕೊಮ್ಮೆ ಹೀಗೆ ಅಳೆದು ಪುಸ್ತಕದಲ್ಲಿ ಬರೆದಿಡುತ್ತೇನೆ. ಹೊಸ ಕನೆಕ್ಟರಿಗೆ ತನ್ನಷ್ಟಕ್ಕೇ ಅಂಟಿಕೊಳ್ಳುವ ರಬ್ಬರ್ ಟೇಪ್ ಎಳೆದು ಸುತ್ತಿ, ಅದರ ಮೇಲೆ ಮಾಮೂಲಿ ಕಪ್ಪು ಟೇಪ್. ಸುತ್ತುವುದು ಕೆಳಗಿನಿಂದ ಮೇಲಕ್ಕೆ, ಹೆಂಚು ಹೊದಿಸಿದ ಹಾಗೆ. ಕೇಬಲ್ ಮನೆಯೊಳಗೆ ಹೋಗುವ ಮೊದಲು ಒಂದು ಇಳಿ ಬಾಗು ಬಿಡಿ. ನೀರು ಅಲ್ಲೇ ತೊಟ್ಟಿಕ್ಕುತ್ತದೆ.

2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ನಮ್ಮ ಕರಾವಳಿಯ ಪಕ್ಕದಲ್ಲೇ ಹಾದುಹೋಯಿತು. ಆ ರಾತ್ರಿ ನಿದ್ದೆ ಇಲ್ಲ. ಬೆಳಿಗ್ಗೆ ನೋಡಿದರೆ ಟವರ್ ನೆಟ್ಟಗೆ ನಿಂತಿತ್ತು. ಯಾಗಿ ಮಾತ್ರ ನಡುವಿನ ಪೈಪಿನ ಮೇಲೆ ಜಾರಿ, ಸುಮಾರು 40 ಡಿಗ್ರಿ ತಿರುಗಿಕೊಂಡಿತ್ತು. ಕ್ಲಾಂಪ್ ಬಿಗಿ ಸಾಲದೆ ಆದದ್ದು. ಹಾಗೆ ಜಾರಿದ್ದರಿಂದಲೇ ರೋಟೇಟರಿನ ಗೇರ್ ಉಳಿಯಿತು ಅಂತ ಈಗ ಅನಿಸುತ್ತದೆ. ಆದ್ದರಿಂದ ಅಲ್ಲಿ ತೂತು ಕೊರೆದು ಪಿನ್ ಹಾಕಲಿಲ್ಲ, ಕ್ಲಾಂಪನ್ನೇ ಇನ್ನಷ್ಟು ಬಿಗಿ ಮಾಡಿದೆ.

ಗಾಳಿಗಿಂತ ನನಗೆ ಹೆದರಿಕೆ ಸಿಡಿಲಿನದು. ಏಪ್ರಿಲ್, ಮೇ ಸಂಜೆಗಳಲ್ಲಿ ಇಲ್ಲಿ ಗುಡುಗು ಜೋರು. ಟವರಿನ ಮೂರು ಕಾಲಿಗೂ ಒಂದೊಂದು ಅರ್ಥ್ ರಾಡ್ ಇದೆ. ಮೂರನ್ನೂ ತಾಮ್ರದ ಪಟ್ಟಿಯಿಂದ ಜೋಡಿಸಿ, ಮನೆಯ ಅರ್ಥಿಂಗಿಗೂ ಸೇರಿಸಿದ್ದೇನೆ. ಬೇರೆ ಬೇರೆ ಅರ್ಥ್ ಬಿಟ್ಟರೆ ಸಿಡಿಲಿನ ಕರೆಂಟ್ ನಿಮ್ಮ ರೇಡಿಯೋ ಮೂಲಕವೇ ದಾರಿ ಹುಡುಕುತ್ತದೆ. ಇಷ್ಟಾದರೂ ಮಳೆ ಮೋಡ ಕಂಡರೆ ಕೇಬಲ್‌ಗಳನ್ನು ಗೋಡೆಯ ಹೊರಗೇ ಕಳಚಿಡುತ್ತೇನೆ. ಒಮ್ಮೆ ರೋಟೇಟರ್ ಕೇಬಲ್ ಮರೆತೆ. ಪಕ್ಕದ ತೋಟದ ತೆಂಗಿನ ಮರಕ್ಕೆ ಸಿಡಿಲು ಬಡಿಯಿತು, ನಮ್ಮ ಕಂಟ್ರೋಲ್ ಬಾಕ್ಸ್ ಹೋಯಿತು.

ಟವರ್ ಹತ್ತುವುದು ವರ್ಷಕ್ಕೆ ಎರಡು ಸಲ, ಏಪ್ರಿಲ್ ಮೊದಲ ವಾರ ಮತ್ತು ಮಳೆ ಮುಗಿದ ಮೇಲೆ ಅಕ್ಟೋಬರಿನಲ್ಲಿ. ಮೊದಲು ದುರ್ಬೀನಿನಲ್ಲಿ ನೋಡುತ್ತೇವೆ. ಕಣಜ ಗೂಡು ಕಟ್ಟಿದ್ದರೆ ಆ ದಿನ ಹತ್ತುವುದಿಲ್ಲ. ಸೊಂಟದ ಬೆಲ್ಟ್ ಸಾಲದು, ಮೈಗೆಲ್ಲ ಬಿಗಿಯುವ ಹಾರ್ನೆಸ್ಸೇ ಬೇಕು. ಅದಕ್ಕೆ ಎರಡು ಕೊಕ್ಕೆ. ಒಂದನ್ನು ಬಿಚ್ಚುವ ಮೊದಲು ಇನ್ನೊಂದು ಸಿಕ್ಕಿಸಿರಬೇಕು. ಕೆಳಗೆ ಯಾರೂ ರೇಡಿಯೋ ಹಾಕದಂತೆ ಅದರ ಪವರ್ ಕೇಬಲ್ ಹತ್ತುವವರ ಜೇಬಿನಲ್ಲಿ. ಸಾಮಾನು ಏರಿಸಲು ರಾಟೆ, ಹಗ್ಗ. ಟವರಿನ ಕೆಳಗೆ ಯಾರೂ ನಿಲ್ಲುವ ಹಾಗಿಲ್ಲ. 50 ಅಡಿ ಮೇಲಿಂದ ಬಿದ್ದ ಸ್ಪ್ಯಾನರ್ ಮಣ್ಣಲ್ಲಿ ಹೂತುಹೋದದ್ದನ್ನು ನಾನು ನೋಡಿದ್ದೇನೆ.

ನೆರೆಯವರಿಗೆ ಮೊದಲು ಅನುಮಾನ ಇತ್ತು, ಮೊಬೈಲ್ ಟವರ್ ಅಂದುಕೊಂಡಿದ್ದರು. ಮನೆಗೆ ಕರೆದು ರೇಡಿಯೋ ತೋರಿಸಿದೆ. 2004ರ ಸುನಾಮಿ ಬಂದಾಗ ಭಾರತಿ ಪ್ರಸಾದ್ ಮತ್ತು ಅವರ ಹ್ಯಾಮ್ ತಂಡ ಪೋರ್ಟ್ ಬ್ಲೇರ್‌ನಿಂದ ಸುದ್ದಿ ಮುಟ್ಟಿಸಿದ್ದನ್ನು ಹೇಳಿದೆ. ತೌಕ್ತೆ ಬರುವ ಹಿಂದಿನ ದಿನ ಆ ನೆರೆಯವರೇ ಬಂದು ಸ್ಟೇ ವೈರ್ ನೋಡಲು ಜೊತೆಗೂಡಿದರು.

ಮತ್ತೆ ಹಾಕುತ್ತೀರಾ ಅಂದರೆ, ಹೌದು, ಇದೇ ಎತ್ತರಕ್ಕೇ ಹಾಕುತ್ತೇನೆ. ಆದರೆ ದುಡ್ಡು ಹಂಚುವ ರೀತಿ ಬದಲಾಗುತ್ತದೆ. ಮೊದಲು ಪಾಯ, ಬೋಲ್ಟ್, ಸ್ಟೇ ವೈರ್ ಮತ್ತು ಒಳ್ಳೆಯ ಕೇಬಲ್. ಉಳಿದದ್ದರಲ್ಲಿ ಆಂಟೆನಾ. ಬೇಕಿದ್ದರೆ ಮೊದಲ ವರ್ಷ ಬರೀ ತಂತಿ ಡೈಪೋಲ್ ಮೇಲೇರಿಸಿ, ಅದೇ ಬೇಕಾದಷ್ಟು ಮಾತಾಡಿಸುತ್ತದೆ. ಮೇಲಿನ ಹಂತದ ಸ್ಟೇ ವೈರ್‌ಗೆ ಈಗ ಅಲ್ಲಲ್ಲಿ ತುಕ್ಕು ಕಾಣುತ್ತಿದೆ. ಬರುವ ಅಕ್ಟೋಬರಿನಲ್ಲಿ ಮೂರನ್ನೂ ಬದಲಾಯಿಸುತ್ತೇವೆ. ಆಗ ಈ ಕಡೆ ಬಂದರೆ ಬನ್ನಿ, ಕೆಳಗೆ ಹಗ್ಗ ಹಿಡಿಯಲು ಒಬ್ಬರು ಜಾಸ್ತಿ ಇದ್ದರೆ ಒಳ್ಳೆಯದು.