ದುಬಾರಿ ವೈಫೈ ಹಾಕಿಸುವವರೇ, ಅಗ್ಗದ ಬಲ್ಬ್‌ಗಳ ಬಗ್ಗೆ ಮೊದಲೇ ಬರಹದಲ್ಲಿ ಕೇಳಿ

ಮೋಸಹೋದೆ ಎಂದು ಒಪ್ಪಿಕೊಳ್ಳಲು ನನಗೆ ನಾಲ್ಕು ವಾರ ಬೇಕಾಯಿತು. ಮನೆಗೆ ಮೂರು ಡಬ್ಬಿಗಳ ದುಬಾರಿ ಮೆಶ್ ವೈಫೈ (ಹಲವು ಡಬ್ಬಿಗಳು ಸೇರಿ ಇಡೀ ಮನೆಗೆ ಒಂದೇ ವೈಫೈ ಹರಡುವ ವ್ಯವಸ್ಥೆ) ಹಾಕಿಸಿದೆ. ಸಾಲದ್ದಕ್ಕೆ ಒಂದು ವರ್ಷದ ‘ವಿಶೇಷ ಬೆಂಬಲ’ಕ್ಕೂ ಹಣ ಕಟ್ಟಿದೆ. ಕೊಳ್ಳುವ ಮುನ್ನ ಕೇಳಿದ್ದು ಒಂದೇ ಪ್ರಶ್ನೆ: ಹನ್ನೊಂದು ಅಗ್ಗದ ಸ್ಮಾರ್ಟ್ ಬಲ್ಬ್, ಮೂರು ಪ್ಲಗ್ ಇವೆ, ಎಲ್ಲವೂ ಇದಕ್ಕೆ ಸೇರುತ್ತವೆಯೇ?

“ವೈಫೈ ಇರುವ ಯಾವ ವಸ್ತುವಾದರೂ ಸೇರುತ್ತದೆ ಸರ್.”

ನಾನು ತಲೆಯಾಡಿಸಿದೆ. ಅದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ಅಳವಡಿಸಲು ಬಂದವನು ಹಳೆಯ ರೂಟರ್ ಬಿಚ್ಚಿದ, ಹೊಸ ಹೆಸರು, ಹೊಸ ಪಾಸ್‌ವರ್ಡ್ ಇಟ್ಟ, ಮೊಬೈಲಿನಲ್ಲಿ ವೇಗ ತೋರಿಸಿ ಸಹಿ ಹಾಕಿಸಿಕೊಂಡು ಹೊರಟ. ಸಂಜೆ ದೀಪ ಹಾಕಲು ನೋಡಿದರೆ ಹದಿನಾಲ್ಕೂ ‘ಆಫ್‌ಲೈನ್’. ಸರಿ, ಹೆಸರು ಬದಲಾಗಿದೆ, ಮತ್ತೆ ಜೋಡಿಸೋಣ ಎಂದು ಕುಳಿತೆ. ಒಂದು ಬಲ್ಬೂ ಸೇರಲಿಲ್ಲ. ಬಲ್ಬ್ ಮಿಣುಕುತ್ತದೆ, ಆ್ಯಪ್‌ನಲ್ಲಿ ಚಕ್ರ ತಿರುಗುತ್ತದೆ, ವಿಫಲ. ಮತ್ತೆ ಮಿಣುಕುತ್ತದೆ, ಮತ್ತೆ ವಿಫಲ.

ಕಾರಣ ಗುಟ್ಟೇನಲ್ಲ. ಇಂಥ ಅಗ್ಗದ ಬಲ್ಬ್‌ಗಳ ಒಳಗಿರುವುದು ಬಹುಮಟ್ಟಿಗೆ ಇಎಸ್‌ಪಿ8266ರಂಥ ಪುಟ್ಟ ಚಿಪ್. ವೈಫೈ ಸಾಮಾನ್ಯವಾಗಿ 2.4 ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ತರಂಗಪಟ್ಟಿಗಳಲ್ಲಿ ಓಡುತ್ತದೆ; ಈ ಚಿಪ್‌ಗೆ 2.4 ಬಿಟ್ಟು ಬೇರೇನೂ ಕೇಳಿಸುವುದಿಲ್ಲ. ಹೊಸ ಮೆಶ್ 2.4 ಮತ್ತು 5 ಎರಡನ್ನೂ ಒಂದೇ ಹೆಸರಿನಡಿ ಸೇರಿಸಿ, ಮೊಬೈಲನ್ನು 5ರ ಕಡೆಗೆ ತಳ್ಳುತ್ತದೆ. ಜೋಡಿಸುವ ಹೊತ್ತಿನಲ್ಲಿ ಮೊಬೈಲ್ 5ರಲ್ಲಿದ್ದರೆ ಎಷ್ಟೋ ಬಲ್ಬ್‌ಗಳಿಗೆ ಅದರ ಮಾತು ಮುಟ್ಟುವುದೇ ಇಲ್ಲ. ಮಾರಿದವರಿಗೆ ಇದು ಗೊತ್ತಿರಲಿಲ್ಲವೇ? ಚೆನ್ನಾಗಿಯೇ ಗೊತ್ತಿತ್ತು. 2.4ಕ್ಕೆ ಬೇರೆ ಹೆಸರು ಕೊಡಿ ಎಂದು ಬರೆದಾಗ ಐದೇ ನಿಮಿಷದಲ್ಲಿ ಸಿದ್ಧ ಉತ್ತರ ಬಂತು: “ಬಳಕೆದಾರರಿಗೆ ಗೊಂದಲವಾಗಬಾರದೆಂದು ಈ ಮಾದರಿಯಲ್ಲಿ ಆ ಆಯ್ಕೆ ನೀಡಿಲ್ಲ. ರೂಟರ್‌ನಿಂದ ದೂರ ಹೋಗಿ ಪ್ರಯತ್ನಿಸಿ.”

ದೂರ ಹೋದರೆ ಮೊಬೈಲ್ ತಾನಾಗಿ 2.4ಕ್ಕೆ ಇಳಿಯುತ್ತದಂತೆ. ನಾನು ಅದನ್ನೂ ಮಾಡಿದೆ. ರಾತ್ರಿ ಹತ್ತು ಗಂಟೆಗೆ ಎರಡು ಎಕ್ಸ್‌ಟೆನ್ಶನ್ ಬೋರ್ಡ್ ಒಂದಕ್ಕೊಂದು ಸಿಕ್ಕಿಸಿ, ಮೇಜುದೀಪ ಹಿಡಿದು ಅಂಗಳದ ಕೊನೆಯ ಗೋಡೆಗೆ ಒರಗಿ ನಿಂತೆ. ಒಂದೊಂದೇ ಬಲ್ಬ್ ಸಿಕ್ಕಿಸು, ಮೂರು ಸಲ ಆರಿಸಿ ಹೊತ್ತಿಸು, ಕಾಯಿ. ಅಮ್ಮ ಕಿಟಕಿಯಿಂದ ನೋಡಿ, “ಏನು ಕಳೆದುಹೋಯಿತೋ?” ಎಂದು ಕೇಳಿದರು. ಏನು ಹೇಳಲಿ! ಹನ್ನೆರಡೂವರೆಯ ಹೊತ್ತಿಗೆ ಒಂಬತ್ತು ಬಲ್ಬ್ ಸೇರಿದವು. ಗೆದ್ದೆ ಎಂದುಕೊಂಡು ಮಲಗಿದೆ. ವೈಫೈ ಮಾರಿದವರಿಗೆ ಧನ್ಯವಾದದ ಪತ್ರವನ್ನೂ ಬರೆದೆ. ಹೌದು, ಧನ್ಯವಾದ!

ಆರು ದಿನಗಳ ನಂತರ ತಂತ್ರಾಂಶದ ಅಪ್‌ಡೇಟ್ ಬಂತು. ಬೆಳಗ್ಗೆ ಎದ್ದರೆ ಒಂಬತ್ತೂ ಮಾಯ. ಈ ಬಾರಿ ಉತ್ತರ: “ನಿಮ್ಮ ಸುರಕ್ಷತೆಗಾಗಿ ಜಾಲವನ್ನು ಡಬ್ಲ್ಯೂಪಿಎ3ಕ್ಕೆ ಏರಿಸಲಾಗಿದೆ.” ಅದು ವೈಫೈಗೆ ಬೀಗ ಹಾಕುವ ಹೊಸ ಸುರಕ್ಷತಾ ಪದ್ಧತಿ. ನನ್ನ ಬಲ್ಬ್‌ಗಳಿಗೆ ಗೊತ್ತಿರುವುದು ಅದರ ಹಿಂದಿನ ಡಬ್ಲ್ಯೂಪಿಎ2 ಮಾತ್ರ. ಹಳೆಯದಕ್ಕೇ ಇಳಿಸಿ ಎಂದೆ. ಪರಿಶೀಲಿಸುತ್ತೇವೆ ಎಂದರು. ಮೂರು ದಿನ ಬಿಟ್ಟು ಕೇಳಿದೆ, ಪರಿಶೀಲಿಸುತ್ತಿದ್ದೇವೆ ಎಂದರು. ಬಲ್ಬ್‌ನವರಿಗೆ ಬರೆದರೆ “ರೂಟರ್ ಸಮಸ್ಯೆ”. ಆ ಉತ್ತರವನ್ನು ಇವರಿಗೆ ಕಳುಹಿಸಿದರೆ “ನಿಮ್ಮ ಸಾಧನಗಳು ನಮ್ಮ ಬೆಂಬಲಿತ ಪಟ್ಟಿಯಲ್ಲಿಲ್ಲ. ಉತ್ತಮ ಗುಣಮಟ್ಟದ ಸಾಧನಗಳನ್ನು ಬಳಸಿ.” ಪಟ್ಟಿ! ಕೊಳ್ಳುವಾಗ ‘ಯಾವ ವಸ್ತುವಾದರೂ’, ಹಣ ಕೈಸೇರಿದ ಮೇಲೆ ಪಟ್ಟಿ.

ಕೊನೆಗೆ ದಾರಿ ತೋರಿಸಿದ್ದು ತಂಗಿಯ ಮಗ, ಹತ್ತನೆಯ ತರಗತಿಯವನು. ಅಟ್ಟದ ಮೇಲೆ ಎಸೆದಿದ್ದ ಹಳೆಯ ರೂಟರ್ ಇಳಿಸಿ, ಧೂಳು ಊದಿ, ಆಕ್ಸೆಸ್ ಪಾಯಿಂಟ್ ಮೋಡ್‌ಗೆ (ಬೇರೆ ರೂಟರ್‌ನ ಜಾಲವನ್ನೇ ವೈಫೈಯಾಗಿ ಹರಡುವ ಕೆಲಸಕ್ಕೆ) ಹಾಕಿ, ಕೇಬಲ್‌ನಿಂದ ಹೊಸ ಡಬ್ಬಿಗೆ ಜೋಡಿಸಿದ. 2.4 ಮಾತ್ರ ಉಳಿಸಿ, ಅಕ್ಷರವೂ ಬದಲಾಗದಂತೆ ಹಳೆಯ ಹೆಸರು, ಹಳೆಯ ಪಾಸ್‌ವರ್ಡ್ ಕೊಟ್ಟ. ನಾನು ಇನ್ನೂ ಮರುಹೊಂದಿಸಿರದ ಪ್ಲಗ್‌ಗಳು ಒಂದೇ ನಿಮಿಷದಲ್ಲಿ ತಾವಾಗಿ ಬಂದು ಸೇರಿದವು. ಮರುಹೊಂದಿಸಿ ಕೆಡಿಸಿದ್ದ ಬಲ್ಬ್‌ಗಳನ್ನಷ್ಟೇ ಮತ್ತೆ ಜೋಡಿಸಬೇಕಾಯಿತು. “ಮಾವ, ಇದಕ್ಕೆ ಅಷ್ಟು ದುಡ್ಡು ಕೊಟ್ಟಿರಾ?” ಎಂದ. ಅವನು ನಗಲಿಲ್ಲ. ನಕ್ಕಿದ್ದರೇ ಚೆನ್ನಾಗಿತ್ತು.

ಹಾಗಾಗಿ ಎರಡೇ ಪ್ರಶ್ನೆ ಕೇಳಿ: 2.4ಕ್ಕೆ ಪ್ರತ್ಯೇಕ ಹೆಸರು ಕೊಡಬಹುದೇ? ಡಬ್ಲ್ಯೂಪಿಎ2 ನಾನು ಬಯಸಿದಷ್ಟು ಕಾಲ ಉಳಿಯುತ್ತದೆಯೇ? ಉತ್ತರ ಬಾಯಿಮಾತಿನಲ್ಲಿ ಬೇಡ, ಬರಹದಲ್ಲಿರಲಿ. ‘ಗೆಸ್ಟ್ ಜಾಲಕ್ಕೆ (ಅತಿಥಿಗಳಿಗೆಂದು ಇಡುವ ಪ್ರತ್ಯೇಕ ವೈಫೈಗೆ) ಹಾಕಿ’ ಎಂದರೆ ಹುಷಾರು, ಮನೆಯ ಮೊಬೈಲಿಗೂ ಬಲ್ಬ್‌ಗೂ ನಡುವೆ ಗೋಡೆ ಏಳಬಹುದು. ಹಳೆಯ ರೂಟರ್ ಎಸೆಯಬೇಡಿ. ವಿಶೇಷ ಬೆಂಬಲಕ್ಕಂತೂ ಬಿಡಿಗಾಸೂ ಕೊಡಬೇಡಿ.

ಡಬ್ಬಿಗಳನ್ನು ಹಿಂದಿರುಗಿಸುತ್ತೇನೆ ಎಂದು ಬರೆದೆ. ಇದಕ್ಕೆ ಮಾತ್ರ ಪರಿಶೀಲನೆ ಬೇಕಾಗಲಿಲ್ಲ. ಹಿಂದಿರುಗಿಸುವ ಅವಧಿ ಎರಡು ದಿನಗಳ ಹಿಂದೆಯೇ ಮುಗಿದಿದೆ ಎಂದು ಆ ಕೂಡಲೇ ಉತ್ತರ ಬಂತು.