ಕಾಂಡ್ಲವೋ, ಉಪ್ಪಟ್ಟಿಯೋ? ಅಘನಾಶಿನಿ ಅಳಿವೆಯಲ್ಲಿ ಮ್ಯಾಂಗ್ರೋವ್ (ಉಪ್ಪುನೀರಿನ ಕೆಸರಲ್ಲಿ ಬೆಳೆಯುವ ಮರ) ಬೀಜ ಕೂಡಿಸುವವರಿಗೆ

ನರ್ಸರಿ ಇಲ್ಲದೆ ನೇರ ನೆಡುವವರಿಗೆ ಕಾಂಡ್ಲ, ಅಂದರೆ ರೈಜೋಫೊರಾ ಮುಕ್ರೊನಾಟಾ ವಾಸಿ. ಮರದಲ್ಲೇ ಮೊಳೆತ ಕೋಡು, ಅಂದರೆ ಕಾಯಿಯಿಂದ ಕೋಲಿನಂತೆ ಇಳಿದ ಮೊಳಕೆ, ಒಂದೂವರೆ ಅಡಿ ಮುಟ್ಟಿ, ಕಾಯಿಯ ಬುಡದಲ್ಲಿ ಹಳದಿ ಕುತ್ತಿಗೆ ಮೂಡಿರಬೇಕು. ಮೆಲ್ಲಗೆ ತಿರುಚಿದರೆ ಕಳಚುತ್ತದೆ. ಜಗ್ಗಿದರೆ ಮಾತ್ರ ಬರುವುದು ಎಳೆಯದು, ನೆಟ್ಟರೂ ಏಳುವುದು ಕಡಿಮೆ. ಸೂಜಿಮೊನೆಯಷ್ಟು ತೂತಿದ್ದರೆ ಒಳಗೆ ದುಂಬಿ ಕೊರೆದಿದೆ, ಬಿಸಾಡಿ. ನೆರಳಲ್ಲಿ, ಒದ್ದೆ ಗೋಣಿಯಡಿ ಕೆಲವು ದಿನ ತಡೆಯುತ್ತದೆ. ಮೊನೆ ಕೆಳಗಾಗಿ, ಮೂರನೇ ಒಂದು ಭಾಗ ಕೆಸರಿಗೆ ಚುಚ್ಚಿ.

ಉಪ್ಪಟ್ಟಿ, ಅಂದರೆ ಅವಿಸೆನ್ನಿಯಾ ಅಫಿಸಿನಾಲಿಸ್ ಮರದ ಬೀಜ, ಮಳೆಗಾಲದಲ್ಲಿ ಉದುರುತ್ತದೆ. ನೀರಿನ ಇಳಿತದಲ್ಲಿ ಬಾಚಿದಷ್ಟೂ ಸಿಕ್ಕೀತು, ಆದರೆ ರಾಶಿ ಹಾಕಿದರೆ ಬಿಸಿಯೇರಿ ಕೆಡುತ್ತದೆ. ರಾತ್ರಿ ನೆನೆಸಿ, ಸಿಪ್ಪೆ ಬಿಟ್ಟವನ್ನು ಕೆಸರು ತುಂಬಿದ ನರ್ಸರಿ ಚೀಲಕ್ಕೆ ಅರ್ಧ ಒತ್ತಿ. ಪೂರ್ತಿ ಹೂತರೆ ಕೊಳೆಯುತ್ತದೆ, ಬಯಲಲ್ಲಿ ಚೆಲ್ಲಿದರೆ ಏಡಿಗಳ ಪಾಲು. ಎರಡನ್ನೂ ಒಣಗಿಸಿ ಮುಂದಿನ ವರ್ಷಕ್ಕಿಡಲಾಗದು.