ಟ್ರೇಲರ್ ಎಳೆದುಕೊಂಡು ಹೊರಟಿದ್ದೀರಾ? ಊಡ್ನಡಾಟಾ ಟ್ರ್ಯಾಕಾ, ಗಿಬ್ ರಿವರ್ ರೋಡಾ?

ಆಸ್ಟ್ರೇಲಿಯಾದ ಒಳನಾಡಿಗೆ ಮೊದಲ ಸಲ ಕ್ಯಾಂಪರ್ ಟ್ರೇಲರ್ (ಕಾರಿನ ಹಿಂದೆ ಕಟ್ಟುವ, ಡೇರೆ-ಅಡುಗೆ ಸಾಮಾನಿನ ಗಾಡಿ) ಎಳೆದುಕೊಂಡು ಹೋಗುವವರಾದರೆ ನನ್ನ ಓಟು ಊಡ್ನಡಾಟಾಗೆ. ಊಡ್ನಡಾಟಾ ಇರೋದು ದಕ್ಷಿಣ ಆಸ್ಟ್ರೇಲಿಯಾದಲ್ಲಿ, ಗಿಬ್ ಪಶ್ಚಿಮ ಆಸ್ಟ್ರೇಲಿಯಾದಲ್ಲಿ. ಎರಡೂ 600 ಕಿಲೋಮೀಟರ್ ದಾಟುವ ದಾರಿಗಳೇ. ಆದರೆ ಮರೀಯಿಂದ ಮಾರ್ಲಾವರೆಗಿನ ಊಡ್ನಡಾಟಾ ಬಹುಪಾಲು ಸಪಾಟು, ಹಳೇ ಘಾನ್ ರೈಲಿನ ಹಾದಿಯ ಪಕ್ಕದಲ್ಲೇ ಸಾಗುತ್ತದೆ. ಕೌವರ್ಡ್ ಸ್ಪ್ರಿಂಗ್ಸ್‌ನಲ್ಲಿ ಡೇರೆ ಹಾಕಿ ಬುಗ್ಗೆಯ ಬೆಚ್ಚಗಿನ ನೀರಲ್ಲಿ ಸುಮ್ನೆ ಕೂರಬಹುದು. ಮಳೆ ಬಂದರೆ ಮಾತ್ರ ರಸ್ತೆ ಬಂದ್. ಮುಚ್ಚಿದ ರಸ್ತೆಗೆ ಇಳಿದರೆ ದಂಡ ಜೋರು.

ಗಿಬ್ ಚಂದ, ಅದರಲ್ಲಿ ಎರಡು ಮಾತಿಲ್ಲ. ಬೆಲ್ ಗಾರ್ಜ್‌ನಂಥ ಕಣಿವೆ ಊಡ್ನಡಾಟಾದಲ್ಲಿ ಎಲ್ಲಿದೆ? ಆದರೆ ಸುಮಾರು ನವೆಂಬರ್‌ನಿಂದ ಏಪ್ರಿಲ್‌ವರೆಗೆ ಮಳೆಗಾಲ, ಆ ಕಡೆ ತಲೆ ಹಾಕುವಂತಿಲ್ಲ. ದಾರಿಯಲ್ಲಿ ಕಾರಲ್ಲೇ ದಾಟಬೇಕಾದ ಪೆಂಟಕಾಸ್ಟ್ ನದಿಯಲ್ಲಿ ಮೊಸಳೆಗಳಿವೆ, ಇಳಿದು ಆಳ ನೋಡುವಂತೆಯೂ ಇಲ್ಲ. ರಸ್ತೆಯೋ ತಗಡಿನ ಶೀಟಿನ ಹಾಗೆ ಅಲೆಅಲೆ. ಟೈರಿನ ಗಾಳಿ ಇಳಿಸದೆ ಓಡಿಸಿದರೆ ಸಂಜೆ ಡ್ರಾಯರ್ ತೆಗೆದಾಗ ಸಾರಿನ ಪುಡಿ ಡಬ್ಬದ ಪಕ್ಕ ಡ್ರಾಯರಿನದ್ದೇ ಸ್ಕ್ರೂಗಳು ಬಿದ್ದಿರುತ್ತವೆ.

ಎರಡೂ ಕಡೆ ಇರುವ ಕಾಟ ಒಂದಿದೆ. ಕಾರಿನ ಚಕ್ರದಿಂದ ಸಿಡಿದ ಕಲ್ಲು ಟ್ರೇಲರಿನ ಮುಖಕ್ಕೆ ಬಡಿದು, ವಾಪಸ್ ಬಂದು ಕಾರಿನ ಹಿಂದಿನ ಗಾಜನ್ನೇ ಪುಡಿ ಮಾಡುತ್ತದೆ. ನಡುವೆ ಸ್ಟೋನ್ ಗಾರ್ಡ್ (ಕಲ್ಲು ತಡೆಯುವ ಪರದೆ) ಕಟ್ಟಿ. ಬಾಡಿಗೆ ಟ್ರೇಲರಾದರೆ ಮಣ್ಣಿನ ರಸ್ತೆಗೆ ಒಯ್ಯಬಹುದಾ ಅಂತ ಮೊದಲೇ ಕೇಳಿ.